ಯುಕ್ಕಾ ಹೂವಿನ ಕಳಸಗಿತ್ತಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದಿನ ಭಾನುವಾರದ ಪುರವಣಿಯಲ್ಲಿ, ಕೈತೋಟದ ಪ್ರಶ್ನೋತ್ತರದಲ್ಲಿ, ದಾವಣಗೆರೆಯ ಓದುಗರೊಬ್ಬರು ಫೋಟೊ ಸಮೇತ ಒಂದು ಪ್ರಶ್ನೆ ಕೇಳಿದ್ದರು. ಅವರ ಮನೆಯ ಯುಕ್ಕಾ ಗಿಡ ನಾಲ್ಕು ವರ್ಷದಿಂದ ಹೂ ಬಿಡುತ್ತಿದೆ, ಒಂದು ಕಾಯಿಯೂ ಕಟ್ಟಿಲ್ಲ, ಏನು ಕೊರತೆ ಅಂತ. ಅಂಕಣದಲ್ಲಿ ಬಂದ ಉತ್ತರ: ಪೊಟ್ಯಾಷ್ ಹಾಕಿ, ಎಲುಬಿನ ಪುಡಿ ಹಾಕಿ, ಹೂ ಬರುವ ಮುಂಚೆ ಬೋರಾನ್ ಸಿಂಪಡಿಸಿ.

ದಯವಿಟ್ಟು ಅವರಿಗೆ ಹೇಳಿ, ಗೊಬ್ಬರದ ಅಂಗಡಿಗೆ ಹೋಗಬೇಡಿ ಅಂತ. ಎಲುಬಿನ ಪುಡಿ ಚೀಲಗಟ್ಟಲೆ ಸುರಿದರೂ ಆ ಗಿಡ ಕಾಯಿ ಕಟ್ಟುವುದಿಲ್ಲ. ಅದು ಕಾಯುತ್ತಿರುವುದು ಒಂದು ಪತಂಗಕ್ಕೆ. ಭತ್ತದ ಕಾಳಿನಷ್ಟಿರುವ ಬಿಳಿ ಪತಂಗ. ಅದು ಇರುವುದು ಉತ್ತರ ಅಮೆರಿಕದಲ್ಲಿ.

ನಾನು ತಜ್ಞೆ ಅಲ್ಲ. ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಇಟ್ಟುಕೊಂಡಿರುವವಳು. ಆದರೆ ಈ ಒಂದು ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಹೊರಗೆ ಬಂದಾಗ, ಗೇಟಿನ ಹತ್ತಿರ ಗಿಡ ಮಾರುವವನೊಬ್ಬ ಒಂದು ಯುಕ್ಕಾ ಕೊಟ್ಟ. ಕತ್ತಾಳೆಯ ತಮ್ಮನ ಹಾಗಿತ್ತು. ಎಲೆಯ ಅಂಚಿನಲ್ಲಿ ಬಿಳಿ ದಾರ ಬಿಚ್ಚಿಕೊಂಡು ಸುರುಳಿ ಸುತ್ತಿತ್ತು, ಹಳೇ ಸೀರೆಯ ಸೆರಗಿನ ಹಾಗೆ. ದಾವಣಗೆರೆಯವರ ಫೋಟೊದಲ್ಲೂ ಅದೇ ದಾರ ಕಾಣುತ್ತಿದೆ. ಹಾಗಾಗಿ ಅದು ಯುಕ್ಕಾ ಫಿಲಮೆಂಟೋಸಾ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ನಮ್ಮ ಕೊಟ್ಟಿಗೆಯ ಪಕ್ಕ ನೆಟ್ಟೆ. ಮೂರನೇ ವರ್ಷಕ್ಕೆ ಆಳೆತ್ತರದ ದಂಟು ಎದ್ದಿತು, ತುಂಬಾ ಬಿಳಿ ಗಂಟೆಯಂಥ ಹೂಗಳು. ಮನೆಗೆ ಬಂದವರೆಲ್ಲ ನಿಂತು ನೋಡುವವರೇ. ಒಂದು ವಾರ ಆದ ಮೇಲೆ ಎಲ್ಲ ಹೂವೂ ನೆಲದ ಮೇಲೆ. ಕಾಯಿ ಅನ್ನುವುದು ಇಲ್ಲವೇ ಇಲ್ಲ. ನಾನೂ ಬೇವಿನ ಹಿಂಡಿ ಹಾಕಿದೆ, ಒಲೆಯ ಬೂದಿ ಹಾಕಿದೆ, ಸಗಣಿ ಗೊಬ್ಬರ ಹಾಕಿದೆ. ಮುಂದಿನ ವರ್ಷ ಎಲೆ ಇನ್ನೂ ದಪ್ಪಗಾಯಿತು, ದಾರಿಯಲ್ಲಿ ಓಡಾಡುವವರಿಗೆ ಚುಚ್ಚುವುದು ಜಾಸ್ತಿಯಾಯಿತು. ಅಷ್ಟೇ ಲಾಭ.

ಗುಟ್ಟು ಗೊತ್ತಾಗಿದ್ದು ಮಗಳ ಬಾಣಂತನಕ್ಕೆ ಹೋದಾಗ.

ಮಗಳು ಅಳಿಯ ಇರುವುದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಊರಿನಲ್ಲಿ. ಏಪ್ರಿಲ್ ಕೊನೆಗೆ ಹೋಗಿ ಅಕ್ಟೋಬರ್‌ವರೆಗೆ ಇದ್ದೆ. ಅಲ್ಲಿ ಯುಕ್ಕಾ ಅಂದರೆ ನಮ್ಮಲ್ಲಿ ದಾಸವಾಳ ಇದ್ದ ಹಾಗೆ, ಬೀದಿಯಲ್ಲಿ ನಾಲ್ಕು ಮನೆಗೆ ಒಂದು ಮನೆಯಲ್ಲಿ ಉಂಟು. ಟಪಾಲು ಡಬ್ಬದ ಬುಡದಲ್ಲಿ ನೆಟ್ಟಿರುತ್ತಾರೆ. ಆಡಮ್ಸ್ ನೀಡಲ್ ಅಂತಲೂ ಕರೆಯುತ್ತಾರೆ. ನಮ್ಮ ಅಳಿಯನಿಗೆ ಅದನ್ನು ಕಂಡರೆ ಆಗುವುದಿಲ್ಲ. ಹುಲ್ಲು ಕತ್ತರಿಸುವಾಗ ಮೊಣಕಾಲಿಗೆ ಚುಚ್ಚುತ್ತದೆ ಅಂತ ಎರಡು ಸಲ ಕಿತ್ತು ಹಾಕಿಸಿದ್ದರಂತೆ. ಎರಡು ಸಲವೂ ಉಳಿದ ಬೇರಿನಿಂದ ಚಿಗುರಿತು. ಮೂರನೇ ಸಲ ಕೀಳಿಸುವುದರೊಳಗೆ ನಾನು ಹೋದೆ.

ಜೂನ್ ತಿಂಗಳು. ಮೊಮ್ಮಗಳಿಗೆ ಸಂಜೆಯಾದರೆ ಹೊಟ್ಟೆ ನುಲಿತ. ಮಗಳು ಸ್ವಲ್ಪ ಮಲಗಲಿ ಅಂತ ನಾನು ಮಗುವನ್ನು ಭುಜಕ್ಕೆ ಹಾಕಿಕೊಂಡು ಹೊರಗಿನ ಜಗಲಿಯಲ್ಲಿ ಅತ್ತಿತ್ತ ಓಡಾಡುತ್ತಿದ್ದೆ. ಅಲ್ಲಿ ಆಗ ಕತ್ತಲಾಗುವುದೇ ರಾತ್ರಿ ಒಂಬತ್ತರ ಮೇಲೆ. ಒಂದು ದಿನ ನೋಡುತ್ತೇನೆ, ಬೆಳಿಗ್ಗೆ ತಲೆ ತಗ್ಗಿಸಿ ಜೋತು ಬಿದ್ದಿದ್ದ ಹೂಗಳೆಲ್ಲ ಕತ್ತಲಾಗುತ್ತಲೇ ಅಗಲವಾಗಿ ಬಾಯಿ ತೆರೆದಿವೆ. ತೆಳ್ಳಗೆ ಪರಿಮಳ. ಹೂವಿಂದ ಹೂವಿಗೆ ಒಂದಷ್ಟು ಬಿಳಿ ಚೂರುಗಳು ಹಾರುತ್ತಿವೆ. ಮೊದಲು ಹೂವಿನ ಎಸಳೇ ಉದುರುತ್ತಿವೆ ಅಂದುಕೊಂಡೆ. ಎಸಳು ಮೇಲಕ್ಕೆ ಹಾರುತ್ತದೆಯೇ?

ಮಾರನೇ ದಿನ ಹಗಲಲ್ಲಿ ಹೂವನ್ನು ಬೆರಳಿಂದ ಎತ್ತಿ ಒಳಗೆ ನೋಡಿದೆ. ಒಂದೊಂದು ಹೂವಿನ ಒಳಗೂ ಒಂದೋ ಎರಡೋ ಕೂತಿವೆ. ಮುಂದಿನ ರೆಕ್ಕೆ ಅಚ್ಚ ಬಿಳಿ, ಹೂವಿನದೇ ಬಣ್ಣ. ಹಿಂದಿನ ರೆಕ್ಕೆ ಬೂದಿ ಬಣ್ಣ, ಆದರೆ ಮಡಚಿ ಕೂತಾಗ ಅದು ಕಾಣುವುದಿಲ್ಲ. ಅದು ಅಲ್ಲಾಡದೆ ಕೂತರೆ, ಹೂವಿನೊಳಗೆ ಇನ್ನೊಂದು ಹೂವಿನ ಚೂರು ಅಷ್ಟೇ. ರೆಕ್ಕೆ ಬಿಚ್ಚಿದರೂ ಎರಡು, ಎರಡೂವರೆ ಸೆಂಟಿಮೀಟರ್ ದಾಟದು. ನಮ್ಮಲ್ಲಿ ಇಂಥದ್ದು ಮನೆಯೊಳಗೆ ಬಂದರೆ ‘ದೀಪದ ಹುಳ’ ಅಂತ ಪೊರಕೆಯಲ್ಲಿ ಗುಡಿಸುತ್ತೇವೆ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಸೇಂಟ್ ಲೂಯಿಸ್‌ನ ದೊಡ್ಡ ಸಸ್ಯೋದ್ಯಾನ, ಮಿಸೌರಿ ಬೊಟಾನಿಕಲ್ ಗಾರ್ಡನ್ ಅಂತ, ಅಲ್ಲಿ ಬಂದವರಿಗೆ ಗಿಡ ತೋರಿಸುವ ಕೆಲಸ ಮಾಡಿದ್ದವರು. ಊರಿನ ಹಳಬರು ಅದನ್ನು ಈಗಲೂ ಷಾಸ್ ಗಾರ್ಡನ್ ಅನ್ನುತ್ತಾರೆ, 1859ರಲ್ಲಿ ಅದನ್ನು ಶುರುಮಾಡಿದ ಹೆನ್ರಿ ಷಾ ಹೆಸರಿನಲ್ಲಿ. ನನ್ನ ಇಂಗ್ಲಿಷ್ ಹರಕುಮುರುಕು. ಅವರ ಕಿವಿಯೂ ಅಷ್ಟಕ್ಕಷ್ಟೇ. ಆದರೂ ನಾನು ಹೂವಿನ ಕಡೆ ಕೈ ತೋರಿಸಿದ ಕೂಡಲೇ ಅವರ ಮುಖ ಅರಳಿತು. ‘ಯುಕ್ಕಾ ಮಾತ್’ ಅಂದರು. ಒಳಗೆ ಹೋಗಿ ಒಂದು ಟಾರ್ಚು ತಂದರು. ಅದರ ಗಾಜಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಕಟ್ಟಿದ್ದರು. ಬಿಳಿ ಬೆಳಕು ಬಿಟ್ಟರೆ ಹುಳ ತನ್ನ ಕೆಲಸ ನಿಲ್ಲಿಸುತ್ತದೆ, ಕೆಂಪು ಬೆಳಕಿಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ.

ಆ ರಾತ್ರಿ ನಾನು ಕಂಡದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಈ ಪತ್ರ ಬರೆಯಲು ಕೂತದ್ದೇ ಅದನ್ನು ಹೇಳಲಿಕ್ಕೆ.

ಒಂದು ಹೆಣ್ಣು ಪತಂಗ ಕೇಸರದ ದಂಟು ಹತ್ತಿತು. ತುದಿಯಲ್ಲಿ ಪರಾಗ ಇರುತ್ತದಲ್ಲ, ಅದರ ಮೇಲೆ ತಲೆ ಬಗ್ಗಿಸಿತು. ಬಾಯಿಯ ಪಕ್ಕದಲ್ಲಿ ಅದಕ್ಕೆ ಎರಡು ಸಣ್ಣ ತೋಳಿನಂಥವು ಇವೆ, ಸುರುಳಿ ಬಿಚ್ಚುವಂಥವು. ಬೇರೆ ಯಾವ ಪತಂಗ, ಚಿಟ್ಟೆಗೂ ಇಂಥ ತೋಳಿಲ್ಲವಂತೆ. ಆ ತೋಳಿನಿಂದ ಪರಾಗವನ್ನು ಕೆರೆದು ಕೆರೆದು ಗದ್ದದ ಕೆಳಗೆ ಒತ್ತಿಕೊಂಡಿತು. ಯುಕ್ಕಾದ ಪರಾಗ ಅಂಟು ಅಂಟು, ಗಾಳಿಗೆ ಹಾರುವಂಥದ್ದಲ್ಲ. ಒಂದು ಕೇಸರ ಆಯಿತು, ಇನ್ನೊಂದಕ್ಕೆ ಹೋಯಿತು. ನೋಡುನೋಡುತ್ತ ಅದರ ಕುತ್ತಿಗೆ ಕೆಳಗೆ ಒಂದು ಹಳದಿ ಉಂಡೆ. ತಲೆಗಿಂತ ಉಂಡೆಯೇ ದೊಡ್ಡದು. ಗಂಟುಮೂಟೆ ಕಟ್ಟಿದ ಹೆಂಗಸಿನ ಹಾಗೆ ಹೊರಟಿತು. ಎದುರು ಮನೆಯ ಗಿಡದ ಕಡೆ ಹಾರಿತು, ನಾನು ಕಳೆದುಕೊಂಡೆ.

ಅಷ್ಟರಲ್ಲಿ ನಮ್ಮ ಗಿಡಕ್ಕೆ ಎಲ್ಲಿಂದಲೋ ಇನ್ನೊಂದು ಬಂತು, ಆಗಲೇ ಉಂಡೆ ಹೊತ್ತುಕೊಂಡಿತ್ತು. ಇದು ಕೇಸರದ ಗೋಜಿಗೆ ಹೋಗಲಿಲ್ಲ. ಹೂವಿನ ನಡುವೆ ಹಸಿರು ಕಂಬದ ಹಾಗೆ ಇರುತ್ತದೆ, ಮುಂದೆ ಕಾಯಿಯಾಗುವ ಭಾಗ. ಅದರ ಸುತ್ತ ಮೂಸುತ್ತ ಎರಡು ಸುತ್ತು ಹಾಕಿತು. ತಿರುಗಿ ನಿಂತು ಬಾಲದ ತುದಿಯಲ್ಲಿರುವ ಮುಳ್ಳಿನಂಥದ್ದರಿಂದ ಕಂಬವನ್ನು ಚುಚ್ಚಿ ಹಾಗೇ ನಿಂತಿತು. ಮೊಟ್ಟೆ ಇಡುತ್ತಿದೆ ಅಂದರು ಅಜ್ಜಿ. ಆಮೇಲೆ ಮಾಡಿದ್ದೇ ನನ್ನನ್ನು ದಂಗು ಬಡಿಸಿದ್ದು. ಸೀದಾ ಕಂಬದ ತುದಿಗೆ ಹತ್ತಿತು. ತುದಿಯಲ್ಲಿ ಒಂದು ಗುಳಿ ಇದೆ. ಗದ್ದದ ಕೆಳಗಿನ ಉಂಡೆಯಿಂದ ಒಂಚೂರು ಪರಾಗ ತೆಗೆದು ಆ ಗುಳಿಯೊಳಗೆ ಹಾಕಿ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ತುಂಬಿತು. ಒರಳಲ್ಲಿ ಒನಕೆ ಹಾಕಿದ ಹಾಗೆ. ಮತ್ತೆ ಕೆಳಗಿಳಿಯಿತು, ಇನ್ನೊಂದು ಮೊಟ್ಟೆ ಇಟ್ಟಿತು, ಮತ್ತೆ ಹತ್ತಿ ಪರಾಗ ತುಂಬಿತು.

ಸಂಪಾದಕರೇ, ನನಗೆ ಆ ಹೊತ್ತಿಗೆ ನೆನಪಾದದ್ದು ನಮ್ಮ ವೆನಿಲ್ಲಾ.

2003ರ ಹೊತ್ತಿಗೆ ಮಲೆನಾಡಿನಲ್ಲಿ ವೆನಿಲ್ಲಾ ಹುಚ್ಚು ಹೇಗಿತ್ತು ಅನ್ನುವುದು ನಿಮ್ಮ ಹಳೇ ಓದುಗರಿಗೆ ನೆನಪಿರುತ್ತದೆ. ಬೆಲೆ ಮುಗಿಲು ಮುಟ್ಟಿತ್ತು. ಕೋಡು ಕದಿಯುತ್ತಾರೆ ಅಂತ ತೋಟದಲ್ಲಿ ರಾತ್ರಿ ಕಾವಲು, ನಾಯಿ, ಬ್ಯಾಟರಿ. ವೆನಿಲ್ಲಾ ಮೆಕ್ಸಿಕೊ ಕಡೆಯ ಬಳ್ಳಿ. ಅಲ್ಲಿನ ಜೇನ್ನೊಣ ನಮ್ಮಲ್ಲಿಲ್ಲ. ಹಾಗಾಗಿ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಹೂ ಬೆಳಿಗ್ಗೆ ಬಿರಿದರೆ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ನಾನು, ನನ್ನ ವಾರಗಿತ್ತಿ, ಕೆಲಸಕ್ಕೆ ಬರುವ ಇಬ್ಬರು, ಕಾಫಿ ಕುಡಿದು ಆರೂವರೆಗೆ ತೋಟಕ್ಕೆ. ಕೈಯಲ್ಲಿ ಬಿದಿರಿನ ಕಡ್ಡಿ. ಹೂವಿನ ತುಟಿ ಸೀಳುವುದು, ಒಳಗಿನ ಪುಟ್ಟ ಪರದೆಯನ್ನು ಕಡ್ಡಿಯಿಂದ ಎತ್ತುವುದು, ಹೆಬ್ಬೆರಳಲ್ಲಿ ಪರಾಗವನ್ನು ಒತ್ತುವುದು. ಮುಂದಿನ ಹೂವು. ದಿನಕ್ಕೆ ನೂರಾರು. ಈ ಉಪಾಯ ಕಂಡುಹಿಡಿದವನು ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಗ ಅವನಿಗೆ ಹನ್ನೆರಡು ವರ್ಷ, ಗುಲಾಮನಾಗಿದ್ದ ಹುಡುಗ. ವೆನಿಲ್ಲಾದ ಬೆಲೆ ಎರಡೇ ವರ್ಷದಲ್ಲಿ ನೆಲ ಕಚ್ಚಿತು, ಅದು ಬೇರೆ ಕತೆ. ಈಗ ಆ ಬಳ್ಳಿ ಅಡಿಕೆ ಮರದ ಮೇಲೆ ತನ್ನ ಪಾಡಿಗೆ ತಾನಿದೆ.

ನಾನು ಕಡ್ಡಿ ಹಿಡಿದು ಮಾಡಿದ್ದನ್ನೇ ಈ ಪತಂಗ ತನ್ನ ಬಾಯಿಯ ತೋಳಿನಲ್ಲಿ ಮಾಡುತ್ತಿದೆ! ಜೇನ್ನೊಣ ಊಟಕ್ಕೆ ಬರುತ್ತದೆ. ಮೈಗೆ ಅಂಟಿದ ಪರಾಗ ಮುಂದಿನ ಹೂವಿಗೆ ತಾಗಿದರೆ ತಾಗಿತು. ಯುಕ್ಕಾ ಪತಂಗಕ್ಕೆ ಊಟದ ಯೋಚನೆಯೇ ಇಲ್ಲ. ಪತಂಗವಾಗಿ ಬದುಕುವುದು ಕೆಲವೇ ದಿನ, ಆ ದಿನಗಳಲ್ಲಿ ಸಾಮಾನ್ಯವಾಗಿ ಏನೂ ತಿನ್ನುವುದಿಲ್ಲ. ಪರಾಗವನ್ನು ಹೆಕ್ಕುವುದೂ ತುಂಬುವುದೂ ಬೇಕೆಂದೇ ಮಾಡುವ ಕೆಲಸ. ಹಾಗಂತ ಅದು ಯೋಚನೆ ಮಾಡಿ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನೋಡಿದರೆ ಹಾಗೇ ಕಾಣುತ್ತದೆ.

ಇದನ್ನು ಮೊದಲು ಕಂಡು ಬರೆದದ್ದೂ ಅದೇ ಊರಿನಲ್ಲಿ ಅಂತ ಅಜ್ಜಿ ಹೆಮ್ಮೆಯಿಂದ ಹೇಳಿದರು. ಸೇಂಟ್ ಲೂಯಿಸ್‌ನಲ್ಲಿ ಜಾರ್ಜ್ ಎಂಗಲ್‌ಮನ್ ಅಂತ ಜರ್ಮನಿಯಿಂದ ಬಂದ ಡಾಕ್ಟರ್ ಇದ್ದರು, ಗಿಡದ ಹುಚ್ಚಿನವರು. ಯುಕ್ಕಾ ಹೂವು ತಾನಾಗಿ ಕಾಯಿ ಕಟ್ಟಲಾರದು, ಯಾವುದೋ ಹುಳದ ಸಹಾಯ ಬೇಕು ಅಂತ 1872ರಲ್ಲಿ ಅವರಿಗೆ ಹೊಳೆಯಿತು. ಹೂವಿನೊಳಗಿನ ಬಿಳಿ ಪತಂಗದ ವಿಷಯವನ್ನು ಮಿಸೌರಿ ಸರ್ಕಾರದ ಕೀಟತಜ್ಞ ಚಾರ್ಲ್ಸ್ ರೈಲಿಗೆ ಹೇಳಿದರು. ರೈಲಿ ರಾತ್ರಿ ಲಾಟೀನು ಹಿಡಿದು ಹೂವಿನ ಮುಂದೆ ಕೂತರು. ಪತಂಗಕ್ಕೆ ಅವರು ಇಟ್ಟ ಹೆಸರು ಪ್ರೊನುಬಾ ಯುಕ್ಕಸೆಲ್ಲಾ. ಪ್ರೊನುಬಾ ಅಂದರೆ ಹಳೇ ರೋಮನ್ ಮದುವೆಯಲ್ಲಿ ಮದುಮಗಳ ಪಕ್ಕ ನಿಂತು ಕೈ ಹಿಡಿದು ಕರೆದುಕೊಂಡು ಹೋಗುವ ಮುತ್ತೈದೆ. ಇದನ್ನು ಮಗಳು ಓದಿ ಹೇಳಿದಾಗ ನಾನು, ‘ಓ, ಕಳಸಗಿತ್ತಿ!’ ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ಮದುವೆಯಲ್ಲಿ ಕಳಸ ಹಿಡಿದಿದ್ದ ನಾದಿನಿ ಮಂಟಪದಲ್ಲೇ ತೂಕಡಿಸಿದ್ದಳು. ಈಗ ಶಾಸ್ತ್ರದಲ್ಲಿ ಆ ಹೆಸರು ಬದಲಾಗಿ ಟೆಜೆಟಿಕ್ಯುಲಾ ಯುಕ್ಕಸೆಲ್ಲಾ ಆಗಿದೆ. ನನಗೆ ಮೊದಲಿನದ್ದೇ ಇಷ್ಟ.

ರೈಲಿ ಸಾಮಾನ್ಯ ಮನುಷ್ಯ ಅಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳು ಬೇರಿನ ಹೇನಿನಿಂದ ನಾಶವಾಗುತ್ತಿದ್ದಾಗ ಅಮೆರಿಕದ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟುವ ದಾರಿಯನ್ನು ಗಟ್ಟಿ ಮಾಡಿದವರಲ್ಲಿ ಅವರೂ ಒಬ್ಬರು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಕ್ಕೆ ಹತ್ತಿ ಅಂಟಿಸಿದಂಥ ಶಲ್ಕಕೀಟ ಬಿದ್ದಾಗ ಆಸ್ಟ್ರೇಲಿಯಾದಿಂದ ಒಂದು ಗುಲಗಂಜಿ ಹುಳವನ್ನು ತರಿಸಿದ್ದೂ ಅವರೇ. ಮುಂದೆ ನಮ್ಮ ನೀಲಗಿರಿಗೆ ಅದೇ ಕೀಟ ಬಂದಾಗ ಅದೇ ಗುಲಗಂಜಿ ಹುಳವನ್ನು ಇಲ್ಲಿಗೂ ತರಿಸಿದ್ದರು. ರೈಲಿ 1895ರಲ್ಲಿ ವಾಷಿಂಗ್‌ಟನ್‌ನಲ್ಲಿ ಸೈಕಲ್ಲಿನಿಂದ ಬಿದ್ದು ತೀರಿಕೊಂಡರು. ಯುಕ್ಕಾ ಪತಂಗದ ಸಂಗತಿ ಓದಿ ಚಾರ್ಲ್ಸ್ ಡಾರ್ವಿನ್ 1874ರಲ್ಲಿ ಗೆಳೆಯರೊಬ್ಬರಿಗೆ ಬರೆದ ಕಾಗದದಲ್ಲಿ, ಪರಾಗಸ್ಪರ್ಶದ ವಿಷಯದಲ್ಲಿ ಇದಕ್ಕಿಂತ ಅದ್ಭುತವಾದದ್ದು ಇಲ್ಲಿಯವರೆಗೆ ಪ್ರಕಟವಾಗಿಲ್ಲ ಅನ್ನುವ ಅರ್ಥದ ಮಾತು ಬರೆದಿದ್ದಾರೆ.

ಸರಿ, ಪತಂಗಕ್ಕೆ ಇದರಿಂದ ಏನು ಸಿಗುತ್ತದೆ? ಅದಕ್ಕೆ ಉತ್ತರ ಸೆಪ್ಟೆಂಬರ್‌ನಲ್ಲಿ ಕೈಗೆ ಸಿಕ್ಕಿತು. ದಂಟಿನ ಮೇಲೆ ಕಾಯಿ ಬಲಿತಿದ್ದವು, ಬೆಂಡೆಕಾಯಿಯನ್ನು ಅರ್ಧಕ್ಕೆ ಕತ್ತರಿಸಿ ಉಬ್ಬಿಸಿದ ಹಾಗೆ. ಕೆಲವು ಕಾಯಿಗೆ ನಡುವೆ ಸೊಂಟ ಹಿಡಿದಂತೆ ಒಂದು ಕಟ್ಟು, ಪತಂಗ ಚುಚ್ಚಿದ ಜಾಗ ಅದು. ಅಡುಗೆಮನೆಯ ಚಾಕುವಿನಿಂದ ಒಂದನ್ನು ಅಡ್ಡ ಸೀಳಿದೆ. ಒಳಗೆ ಆರು ಸಾಲು. ಒಂದೊಂದು ಸಾಲಿನಲ್ಲೂ ಕಪ್ಪು ಚಪ್ಪಟೆ ಬೀಜಗಳು, ನಾಣ್ಯ ಜೋಡಿಸಿಟ್ಟ ಹಾಗೆ. ಒಂದು ಸಾಲಿನಲ್ಲಿ ಮಾತ್ರ ಬೀಜದ ನಡುವೆ ತೂತು ಕೊರೆದುಕೊಂಡು ಒಂದು ಗುಲಾಬಿ ಬಣ್ಣದ ಹುಳ ಆರಾಮಾಗಿ ಮಲಗಿತ್ತು. ಚಾಕು ತಾಗಿದ್ದಕ್ಕೆ ಮುಖ ಎತ್ತಿ ನೋಡಿತು. ಎಣಿಸಿದೆ, ಹದಿನೆಂಟು ಬೀಜ ಹಾಳಾಗಿತ್ತು. ಒಳ್ಳೆಯ ಬೀಜ ಇನ್ನೂ ನೂರಕ್ಕೂ ಜಾಸ್ತಿ ಇದ್ದವು. ಅಷ್ಟೇ ಕೂಲಿ.

ಅತ್ತಿ ಹಣ್ಣು ಒಡೆದರೆ ಹುಳ ಅಂತ ನಮ್ಮಲ್ಲಿ ಮೂಗು ಮುರಿಯುತ್ತೇವಲ್ಲ, ಅದೂ ಇಂಥದ್ದೇ ಲೆಕ್ಕ. ಆ ಪುಟ್ಟ ಕಣಜ ಒಳಗೆ ಹೋಗದಿದ್ದರೆ ಅತ್ತಿಗೆ ಬೀಜ ಇಲ್ಲ.

ಕಾಯಿ ಬಲಿತ ಮೇಲೆ ಹುಳ ಗೋಡೆಯಲ್ಲಿ ಸಣ್ಣ ತೂತು ಮಾಡಿ ಹೊರಬಂದು ಮಣ್ಣಿಗೆ ಇಳಿಯುತ್ತದೆ. ಗೂಡು ಕಟ್ಟಿ ಹಿಮಗಾಲ ಕಳೆಯುತ್ತದೆ. ಮುಂದಿನ ಯುಕ್ಕಾ ಹೂವಿನ ಹೊತ್ತಿಗೆ ಪತಂಗವಾಗಿ ಮೇಲೆ ಬರುತ್ತದೆ. ಕೆಲವು ಆ ವರ್ಷ ಬರುವುದೇ ಇಲ್ಲ, ಇನ್ನೂ ಒಂದೆರಡು ವರ್ಷ ಮಲಗುತ್ತವೆ. ಇದರ ದಾಯಾದಿ ಒಂದಿದೆ, ಪ್ರೊಡಾಕ್ಸಸ್ ಅಂತ. ಅದರ ಒಂದು ಜಾತಿಯ ಹುಳಗಳನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಜೆರ್ರಿ ಪವೆಲ್ ಇಟ್ಟುಕೊಂಡಿದ್ದರು. ಕೆಲವು 30 ವರ್ಷ ಮಲಗಿ ಆಮೇಲೆ ಪತಂಗವಾದವು. 2001ರಲ್ಲಿ ಅವರು ಅದನ್ನು ಬರೆದಿದ್ದಾರೆ. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ಮನೆಯವರು, ‘ಅಟ್ಟದ ಮೇಲಿರುವ ವೆನಿಲ್ಲಾ ಕೋಡೂ ಹಾಗೇ ಕಾಯ್ತಾ ಇದೆ’ ಅಂದರು.

ಈ ಪ್ರೊಡಾಕ್ಸಸ್ ಪರಾಗದ ಕೆಲಸಕ್ಕೆ ಬರುವುದಿಲ್ಲ. ದಂಟಿನಲ್ಲೋ ಕಾಯಿಯ ಗೋಡೆಯಲ್ಲೋ ತಿಂದುಕೊಂಡು ಇರುತ್ತದೆ, ಬೀಜದ ತಂಟೆಗೆ ಹೋಗುವುದಿಲ್ಲ. ನಿಜವಾದ ಮೋಸಗಾರರು ಕಳಸಗಿತ್ತಿಯ ಸ್ವಂತ ಕುಲದಲ್ಲೇ ಇದ್ದಾರೆ. ಆ ಕುಲದ ಹೆಚ್ಚಿನವು ಒಂದೇ ಜಾತಿ ಅಂತ ಬಹಳ ಕಾಲ ನಂಬಿದ್ದರು. 1999ರಲ್ಲಿ ಓಲೆ ಪೆಲ್‌ಮೀರ್ ಅನ್ನುವ ವಿಜ್ಞಾನಿ ಬಿಡಿಸಿ ನೋಡಿದಾಗ ಹತ್ತಕ್ಕೂ ಹೆಚ್ಚು ಜಾತಿ ಸಿಕ್ಕವು. ಅವುಗಳಲ್ಲಿ ಎರಡಕ್ಕೆ ಆ ಬಾಯಿಯ ತೋಳೇ ಇಲ್ಲ. ಬೇರೆಯವರು ಪರಾಗ ಮುಟ್ಟಿಸಿ, ಕಾಯಿ ಮೂಡಿದ ಮೇಲೆ, ಮೆಲ್ಲಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಚಪ್ಪರ ಕಟ್ಟುವ ದಿನ ಕಾಣದವರು ಪಂಕ್ತಿಯಲ್ಲಿ ಮೊದಲ ಎಲೆಗೆ ಕೂರುತ್ತಾರಲ್ಲ, ಅವರ ಹಾಗೆ. ಎಲ್ಲ ಊರಲ್ಲೂ ಇರುತ್ತಾರೆ.

ಗಿಡವೂ ಪೆದ್ದಲ್ಲ. ಒಂದು ಹೂವಿನಲ್ಲಿ ಮೊಟ್ಟೆ ಜಾಸ್ತಿಯಾದರೆ ಆ ಹೂವನ್ನೇ ಉದುರಿಸಿಬಿಡುತ್ತದೆ. ಒಳಗಿನ ಮೊಟ್ಟೆಯೂ ಅದರ ಜೊತೆಗೇ ಮಣ್ಣುಪಾಲು. 1994ರಲ್ಲಿ ಅದೇ ಪೆಲ್‌ಮೀರ್ ಮತ್ತು ಅವರ ಜತೆಗಾರರು ಇದನ್ನು ತೋರಿಸಿಕೊಟ್ಟರು. ಪತಂಗಕ್ಕೂ ಇದರ ಸುಳಿವು ಇದ್ದ ಹಾಗಿದೆ. ಮೊಟ್ಟೆ ಇಟ್ಟ ಹೂವಿನಲ್ಲಿ ಅದು ತನ್ನ ವಾಸನೆ ಬಿಟ್ಟು ಹೋಗುತ್ತದೆ. ಆ ರಾತ್ರಿಯೇ ನಾನು ಕಂಡೆ. ಆಮೇಲೆ ಬಂದ ಇನ್ನೊಂದು ಹೆಣ್ಣು ಅದೇ ಹೂವಿನ ಕಂಬವನ್ನು ಮೀಸೆಯಲ್ಲಿ ಮುಟ್ಟಿ ನೋಡಿ, ಬೇಡ ಅಂತ ಪಕ್ಕದ ಹೂವಿಗೆ ಹೋಯಿತು. ಬಸ್ಸಿನ ಸೀಟಿನ ಮೇಲೆ ಕರ್ಚೀಫು ಕಂಡು ಮುಂದೆ ಹೋಗುವವರ ಹಾಗೆ. ಈ ಗಿಡ, ಈ ಪತಂಗದ ಸಂಬಂಧ ಸುಮಾರು ನಾಲ್ಕು ಕೋಟಿ ವರ್ಷದ್ದು ಅನ್ನುತ್ತಾರೆ. ಕ್ಯಾಲಿಫೋರ್ನಿಯಾ, ನೆವಾಡಾ ಕಡೆಯ ಮರುಭೂಮಿಯಲ್ಲಿರುವ ಜೋಷುವಾ ಮರವೂ ಯುಕ್ಕಾ ಜಾತಿಯದ್ದೇ. ಅದಕ್ಕೆ ಪಡುವಣ ಭಾಗದಲ್ಲಿ ಒಂದು ಪತಂಗ, ಮೂಡಣ ಭಾಗದಲ್ಲಿ ಇನ್ನೊಂದು.

ಈಗ ದಾವಣಗೆರೆಗೆ ಬರೋಣ. ಗಿಡ ಹಡಗು ಹತ್ತಿ ನಮ್ಮ ಕಡೆ ಬಂತು, ಕಳಸಗಿತ್ತಿ ಅಲ್ಲೇ ಉಳಿದಳು. ಹೂ ಬಿಡುವುದಕ್ಕೆ ಅವಳು ಬೇಕಿಲ್ಲ, ಕಾಯಿ ಕಟ್ಟಲು ಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಿಳಿದವರು ಮುಂದಿನ ವಾರ ನನ್ನನ್ನೇ ತಿದ್ದಿ ಕಾಗದ ಬರೆಯುತ್ತಾರೆ. ಯುಕ್ಕಾಗಳಲ್ಲಿ ಅಲೋಯಿಫೋಲಿಯಾ ಅನ್ನುವ ಒಂದು ಜಾತಿ ಜೇನ್ನೊಣದಿಂದಲೂ ಕಾಯಿ ಕಟ್ಟುತ್ತದೆ. ಅದರ ಎಲೆಯ ಅಂಚಿನಲ್ಲಿ ಈ ದಾರ ಇರುವುದಿಲ್ಲ. ದಾರ ಇರುವ ಯುಕ್ಕಾ ನಿಮ್ಮದಾದರೆ ಜೇನು ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟರೂ ಅಷ್ಟರಲ್ಲೇ ಇದೆ.

ಹಾಗಾದರೆ ಪತಂಗವನ್ನೇ ತರಿಸಬಹುದಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮ ಮನೆಯವರೂ ಕೇಳಿದರು, ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಬಾ ಅಂತ. ಹುಳ ಇರುವ ಕಾಯನ್ನು ದೇಶದೊಳಗೆ ತರುವುದು ಕಾನೂನಿಗೆ ವಿರುದ್ಧ. ತಂದು ಬಿಟ್ಟ ಗಿಡ, ಹುಳದಿಂದ ನಾವು ಪಟ್ಟ ಪಾಡು ಸಾಕಾಗಿದೆ, ಲಂಟಾನ ಒಂದೇ ಸಾಲದೇ? ನಾನು ತಂದದ್ದು ಬರೀ ಫೋಟೊ.

ಆದರೆ ಕೈಯಿಂದ ಮಾಡಬಹುದು. ಈ ಮಾರ್ಚ್‌ನಲ್ಲಿ ನಮ್ಮ ಗಿಡ ಹೂ ಬಿಟ್ಟಾಗ ಮಾಡಿ ನೋಡಿದೆ. ಹಳೇ ವೆನಿಲ್ಲಾ ಕಡ್ಡಿ ಮಾಡಿನ ಸಂದಿಯಲ್ಲಿ ಇನ್ನೂ ಸಿಕ್ಕಿಸಿಯೇ ಇತ್ತು. ಮೊದಲ ಸಲ ಅದೇ ಗಿಡದ ಪರಾಗವನ್ನು ಅದೇ ಗಿಡದ ಹೂವಿಗೆ ತುಂಬಿದೆ. ಎಂಟು ಹೂವು, ಎಂಟೂ ಉದುರಿದವು. ಆಮೇಲೆ ಪಕ್ಕದೂರಿನ ಗೆಳತಿಯ ಮನೆಯ ಯುಕ್ಕಾದಿಂದ ಎರಡು ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಪ್ರಸಾದ ಅಂದುಕೊಂಡ. ಆ ಸಂಜೆ ಏಳು ಗಂಟೆಗೆ, ಹೂ ಅಗಲವಾದ ಮೇಲೆ, ಸ್ಟೂಲು ಹತ್ತಿ ಹನ್ನೆರಡು ಹೂವಿಗೆ ಮುಟ್ಟಿಸಿದೆ. ಕಡ್ಡಿಯ ತುದಿಗೆ ಸಾಸಿವೆಯಷ್ಟು ಪರಾಗ, ನಡುವಿನ ಕಂಬದ ತುದಿಯ ಗುಳಿಯೊಳಗೆ. ಮೇಲೆ ಸವರಿದರೆ ಸಾಲದು, ಒಳಗೆ ತುಂಬಬೇಕು. ಆ ಹನ್ನೆರಡರಲ್ಲಿ ಮೂರು ಕಾಯಿ ನಿಂತವು. ಮುಟ್ಟದೆ ಬಿಟ್ಟ ಹೂವಿನಲ್ಲಿ ಒಂದೂ ಇಲ್ಲ.

ಹೋದ ವಾರ ಒಂದು ಕಾಯನ್ನು ಒಡೆದೆ. ಆರು ಸಾಲೂ ತುಂಬಿದ್ದವು. ಒಂದು ಬೀಜವೂ ಹಾಳಾಗಿರಲಿಲ್ಲ, ಹುಳ ಇಲ್ಲವಲ್ಲ. ಖುಷಿಯಾಯಿತು ಅನ್ನುವುದು ನಿಜ. ಆದರೂ ಚಾಕು ಹಿಡಿದು ಸ್ವಲ್ಪ ಹೊತ್ತು ಆ ಗುಲಾಬಿ ಹುಳವನ್ನು ಹುಡುಕಿದೆ ಅನ್ನುವುದೂ ನಿಜ.

ನಿಮ್ಮ ಅಂಕಣದವರಲ್ಲಿ ನನ್ನ ಕೇಳಿಕೆ ಒಂದೇ. ಹೂ ಬಂದು ಕಾಯಿ ಬಾರದ ಗಿಡದ ಬಗ್ಗೆ ಯಾರಾದರೂ ಕೇಳಿದರೆ, ಗೊಬ್ಬರದ ಪಟ್ಟಿ ಕೊಡುವ ಮುಂಚೆ ಅದು ಯಾವ ಊರಿನ ಗಿಡ, ಅಲ್ಲಿ ಅದರ ಹೂವಿಗೆ ಯಾರು ಬರುತ್ತಾರೆ ಅಂತ ಒಮ್ಮೆ ನೋಡಿ. ಕುಂಬಳಕಾಯಿಗೆ ಗಂಡು ಹೂವನ್ನು ತಂದು ಮುಟ್ಟಿಸುವ ಹೆಂಗಸರು ನಮ್ಮ ಎಲ್ಲ ಊರಿನಲ್ಲೂ ಇದ್ದಾರೆ, ಅವರಿಗೆ ಇದು ಹೊಸದಾಗಿ ಹೇಳಿಕೊಡಬೇಕಾದ ವಿಷಯವೇ ಅಲ್ಲ. ದಾವಣಗೆರೆಯವರಿಗೆ ತಪ್ಪು ತಿದ್ದಿ ಎರಡು ಸಾಲು ಹಾಕಿದರೆ ಸಾಕು. ಎಲುಬಿನ ಪುಡಿ ಆಗಲೇ ತಂದಿದ್ದರೆ ಗುಲಾಬಿಗೆ ಹಾಕಲಿ.

ಅವರ ಗಿಡ ಒಂದೇ ಇದ್ದರೆ ಪರಾಗಕ್ಕೆ ತೊಂದರೆ. ಅವರು ಪತ್ರಿಕೆಗೆ ವಿಳಾಸ ಕಳಿಸಿದರೆ ನನ್ನ ಬೀಜದಲ್ಲಿ ಹತ್ತು ಕಳಿಸಿಕೊಡುತ್ತೇನೆ. ಬಿತ್ತಿದ ಗಿಡ ಹೂ ಬಿಡಲು ಮೂರ್ನಾಲ್ಕು ವರ್ಷ ಬೇಕು. ಬಿದಿರು ಕಡ್ಡಿ ಸಿಗದಿದ್ದರೆ ಹಲ್ಲುಕಡ್ಡಿಯೂ ಆಗುತ್ತದೆ, ಕತ್ತಲಾದ ಮೇಲೆ, ಹೂ ಬಾಯಿ ತೆರೆದಾಗ.

ಇಂತಿ ನಿಮ್ಮ ಓದುಗಳು,
ಅಡಿಕೆ ಬೆಳೆಗಾರ್ತಿ, ಸಾಗರ ತಾಲ್ಲೂಕು